ಹಿಂಬದಿಯ ಹಲಗೆ

ಕೃಷ್ಣೆ ಎರಡಾಗಿ ಒಡೆದು ಮುಂದೆ ಮತ್ತೆ ಒಂದಾಗುವ ಕಡೆ ಒಂದು ನಡುಗಡ್ಡೆ. ಅಲ್ಲಿ ಹನ್ನೊಂದು ಮನೆ, ಒಂದು ಬೇವಿನ ಮರ, ಮರದ ಕೆಳಗೆ ತಗಡು ಹೊದಿಸಿದ ಒಂದು ಆಶ್ರಮ. ಆಶ್ರಮ ಎಂದು ಯಾರಾದರೂ ದೊಡ್ಡದಾಗಿ ಕರೆದರೆ ಅಲ್ಲಿದ್ದ ಹೊಳೆಬಸಜ್ಜನೇ ನಗುತ್ತಿದ್ದರು.

ಅಜ್ಜ ಹುಟ್ಟಿನಿಂದ ಅಂಬಿಗರು. ನಲವತ್ತು ವರ್ಷ ತೆಪ್ಪ ನಡೆಸಿ ಜನರನ್ನು ದಾಟಿಸಿದವರು. ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ಹುಟ್ಟು ಕೆಳಗಿಟ್ಟು ಮರದ ಕೆಳಗೆ ಕೂತರು. ಕೂತವರ ಹತ್ತಿರ ಜನ ಬಂದು ಕೂತರು. ಹಾಗೆ ಅವರು ಗುರುವಾದರು. ಯಾರೂ ಪಟ್ಟ ಕಟ್ಟಲಿಲ್ಲ.

ಶಿಷ್ಯ ಒಬ್ಬನೇ, ಶರಭಣ್ಣ. ಮೊದಲು ಊರೂರು ತಿರುಗಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ತನ್ನವರು ಅನ್ನುವವರು ಯಾರೂ ಉಳಿಯದೆ ಹೋದಾಗ ಇಲ್ಲಿಗೆ ಬಂದ. ಬಂದು ಆರು ವರ್ಷವಾಗಿತ್ತು.

ನಡುಗಡ್ಡೆಗೆ ಸೇತುವೆ ಇಲ್ಲ. ಬಿದಿರಿನ ದುಂಡು ತೆಪ್ಪವೇ ದಾರಿ. ಬೇಸಿಗೆಯಲ್ಲಿ ಕಾಲು ಗಂಟೆಯ ಹಾದಿ. ಹೊಳೆ ತುಂಬಿದರೆ ಗಂಟೆಯ ಮೇಲಾಗುತ್ತದೆ, ಕೆಲವು ದಿನ ದಾಟುವುದೇ ಆಗುವುದಿಲ್ಲ.

ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಮಳೆಗಾಲದಲ್ಲಿ ದಿನ ತುಂಬುವ ಬಸುರಿಯರು ಹೊಳೆ ಏರುವ ಮೊದಲೇ, ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಆಚೆ ದಂಡೆಯ ನೆಂಟರ ಮನೆ ಸೇರಬೇಕು. ಅಜ್ಜಿಯರ ಕಾಲದಿಂದ ಬಂದದ್ದು, ಯಾರೂ ಮೀರುತ್ತಿರಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಆ ಪದ್ಧತಿಗೂ ಸಿಗದ ಒಂದು ಸಾವಾಯಿತು. ನಡುಗಡ್ಡೆಯ ಹುಲಿಗೆವ್ವನ ಹಿರಿಮಗಳು ಯಲ್ಲವ್ವನಿಗೆ ದಸರೆ ಕಳೆದ ಮೇಲೆ ಹೆರಿಗೆ ಎಂದಿದ್ದರು. ಏಳನೇ ತಿಂಗಳಲ್ಲೇ ನೋವು ಬಂತು. ಹೊಳೆ ತುಂಬಿತ್ತು. ತೆಪ್ಪಕ್ಕೆ ಹುಟ್ಟು ಹಾಕಿದವನು ಶರಭಣ್ಣ. ನಡುಹೊಳೆಯ ಸುಳಿಯಲ್ಲಿ ತೆಪ್ಪ ತಿರುಗಿತು, ಅವನ ತೋಳು ಸೋತವು. ಆಚೆ ದಂಡೆ ಮುಟ್ಟುವಷ್ಟರಲ್ಲಿ ಯಲ್ಲವ್ವನ ಉಸಿರು ನಿಂತಿತ್ತು.

ಹುಲಿಗೆವ್ವ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

ಆಮೇಲೆ ಶರಭಣ್ಣನ ತಲೆಯಲ್ಲಿ ಒಂದೇ ಯೋಚನೆ. ಮಷೀನ್ ದೋಣಿ ಬೇಕು. ಹತ್ತು ನಿಮಿಷದಲ್ಲಿ ದಾಟಿಸುವ ದೋಣಿ ಬೇಕು.

ದೀಪಾವಳಿಯ ಹೊತ್ತಿಗೆ ಒಂದು ಸಿಕ್ಕಿತು. ದೂರದ ಜಲಾಶಯದಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿದ್ದ ಹಳೆಯ ಫೈಬರ್ ದೋಣಿ. ಮೂಲೆಗೆ ತಳ್ಳಿದ್ದರು. ಇವನು ಕೈಮುಗಿದು ಕೇಳಿದ್ದಕ್ಕೆ ಒಯ್ದುಕೋ ಅಂದರು. ಟ್ರ್ಯಾಕ್ಟರಿನಲ್ಲಿ ದಂಡೆಗೆ ತಂದು, ಎರಡು ತೆಪ್ಪಗಳ ನಡುವೆ ಕಟ್ಟಿ, ನಡುಗಡ್ಡೆಗೆ ಎಳೆದರು.

ಅಜ್ಜ ಕೋಲೂರಿಕೊಂಡು ಬಂದು ದೋಣಿಯ ಸುತ್ತ ಒಂದು ಸುತ್ತು ಹಾಕಿದರು.

"ಇದನ್ನ ಯಾಕ ಬಿಟ್ರು?"

"ಹಳೇದಾಗಿತ್ತ್ರೀ ಅಜ್ಜಾರ. ಅವರಿಗೆ ಹೊಸಾವು ಬಂದಾವು."

"ಹಂಗಂತ ಅವರು ಹೇಳಿದ್ರೊ, ನೀ ಹೇಳಾಕತ್ತೀಯೊ?"

ಕೇಳಬೇಕೆಂದು ಶರಭಣ್ಣನಿಗೆ ಹೊಳೆದೇ ಇರಲಿಲ್ಲ.

ಅಜ್ಜ ಇನ್ನೊಂದು ಮಾತು ಕೇಳಿದರು. ಅಂಬಿಗರಲ್ಲಿ ಒಂದು ರೂಢಿ. ದೋಣಿ ಕಟ್ಟಿದವನಿರಲಿ, ದುರಸ್ತಿ ಮಾಡಿದವನಿರಲಿ, ಮೊದಲ ಸಲ ದಾಟುವಾಗ ತನಗೆ ಬೇಕಾದ ಒಂದು ಜೀವವನ್ನು ಜೊತೆಗೆ ಕೂರಿಸಿಕೊಂಡು ದಾಟಬೇಕು. ಹೆಂಡತಿ, ಮಗು, ತಾಯಿ, ಯಾರಾದರೂ ಸರಿ. ಅದಾದ ಮೇಲೆಯೇ ಉಳಿದವರು ಹತ್ತುವುದು.

"ನೀ ಯಾರನ್ನ ಕೂಡಿಸ್ಕೋತಿ?"

"ನನಗ ನಿಮ್ಮನ್ನ ಬಿಟ್ರ ಯಾರದಾರ್ರೀ? ನಿಮ್ಮನ್ನ ದಾಟಿಸ್ತೀನಿ."

ಅಜ್ಜ ತಲೆಯಾಡಿಸಿ ಮರದ ಕೆಳಗೆ ಹೋದರು.

ಕೆಲಸ ಶುರುವಾಯಿತು. ಹಳೆಯ ಬಣ್ಣ ಕೆರೆದು ತೆಗೆಯಲು ಎರಡು ತಿಂಗಳು ಹಿಡಿಯಿತು. ಅಜ್ಜ ದಿನವೂ ಬಂದು, ಬಲಗೈಯಲ್ಲಿ ಸ್ಯಾಂಡ್ ಪೇಪರ್ ಹಿಡಿದು, ಕೂತಲ್ಲಿಗೆ ಸಿಕ್ಕಷ್ಟು ಉಜ್ಜುತ್ತಿದ್ದರು. ಬಿಸಿಲೇರಿದ ಮೇಲೆ ಎದ್ದು ಹೋಗುತ್ತಿದ್ದರು.

ತಳದ ಬಿರುಕುಗಳನ್ನು ಶರಭಣ್ಣ ಫೈಬರ್ ಬಟ್ಟೆ ಹಾಸಿ, ರಾಳ ಹಚ್ಚಿ ಮುಚ್ಚಿದ. ಪ್ರವಾಸಿಗರ ಆಸನಗಳನ್ನೆಲ್ಲ ಕಿತ್ತುಹಾಕಿದ. ಆ ಜಾಗದಲ್ಲಿ ಒಬ್ಬರು ಉದ್ದಕ್ಕೆ ಮಲಗುವಷ್ಟು ಹಲಗೆ ಜೋಡಿಸಿ, ಅಲುಗಾಡದಂತೆ ಪಟ್ಟಿ ಕಟ್ಟಲು ಕಬ್ಬಿಣದ ಬಳೆಗಳನ್ನು ಕೂರಿಸಿದ. ಮಳೆಗೆ ಮೇಲೊಂದು ತಾಡಪಾಲಿನ ಕಮಾನು. ದೋಣಿಯ ಹಳೆಯ ಎಂಜಿನ್ನು ಸಣ್ಣದು, ಅದರಲ್ಲಿ ಜೀವವಿರಲಿಲ್ಲ. ಮೀನುಗಾರರೊಬ್ಬರ ಹತ್ತಿರ ಬಿದ್ದಿದ್ದ ದೊಡ್ಡ ಎಂಜಿನ್ನನ್ನು ಬೇಡಿ ತಂದ. ಬಿಚ್ಚಿ, ತೊಳೆದು, ಜೋಡಿಸಿ, ನೀರಿನ ಪೀಪಾಯಿಯಲ್ಲಿಟ್ಟು ಚಾಲೂ ಮಾಡಿದಾಗ ಇಡೀ ನಡುಗಡ್ಡೆಯ ಜನ ಓಡಿ ಬಂದರು. ಆ ಸದ್ದು ಕೇಳಿ ಶರಭಣ್ಣನಿಗೆ ಕಣ್ಣು ತುಂಬಿತು.

ಹುಲಿಗೆವ್ವನ ಕಿರಿಮಗಳು ಬಸಲಿಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಶ್ರಾವಣಕ್ಕೆ ದಿನ ತುಂಬುತ್ತಿತ್ತು. ಆಚೆ ದಂಡೆಯಲ್ಲಿ ಹುಲಿಗೆವ್ವನ ತಮ್ಮನ ಮನೆ ಇತ್ತು, ಪದ್ಧತಿಯಂತೆ ಅಲ್ಲಿಗೆ ಹೋಗಬೇಕು. ಆದರೆ ಹುಡುಗಿಗೆ ಅವ್ವನ ಮನೆಯಲ್ಲೇ ಇರುವ ಆಸೆ. ಒಬ್ಬ ಮಗಳನ್ನು ಕಳೆದುಕೊಂಡ ಹುಲಿಗೆವ್ವನಿಗೂ ಇವಳನ್ನು ಕಣ್ಣ ಮುಂದಿನಿಂದ ಕಳಿಸಲು ಮನಸ್ಸಿರಲಿಲ್ಲ. ಅವಳೇ ಒಂದು ದಿನ ದೋಣಿಯ ಹತ್ತಿರ ಬಂದಳು. ಒಂಬತ್ತು ತಿಂಗಳಲ್ಲಿ ಅವನೊಡನೆ ಅವಳು ಆಡಿದ ಮೊದಲ ಮಾತು ಅದು.

"ಕಳಸಲೊ ಇರಿಸ್ಕೊಳ್ಳಲೊ, ನೀನ ಹೇಳು."

"ಇರಿಸ್ಕೋರಿ ಯವ್ವಾ. ಯಾವಾಗ ಕರದ್ರೂ ಹತ್ತು ನಿಮಿಷದಾಗ ಆಚಿ ದಂಡಿ ಮುಟ್ಟಸ್ತೀನಿ."

ಅವಳು ನಂಬಿದಳು.

ನಾಲ್ಕು ದಿನ ಕಳೆದಿರಬೇಕು. ಎಂಜಿನ್ನನ್ನು ಕೂರಿಸಲು ಶರಭಣ್ಣ ದೋಣಿಯ ಹಿಂಬದಿಯ ಹಲಗೆಗೆ ತೂತು ಕೊರೆಯುತ್ತಿದ್ದ. ಎಂಜಿನ್ನಿನ ಭಾರವೆಲ್ಲ ತೂಗುವುದು ಆ ಒಂದು ಹಲಗೆಯ ಮೇಲೆ. ಎಂಜಿನ್ನು ದೋಣಿಯನ್ನು ನೂಕುವುದೂ ಆ ಹಲಗೆಯನ್ನೇ ಒತ್ತಿ. ಹೊರಗೂ ಒಳಗೂ ಫೈಬರಿನ ಹೊದಿಕೆ, ನಡುವೆ ಮರ.

ಮೊದಲು ಬಿಳಿಯ ಪುಡಿ ಬಂತು, ಅದು ಹೊದಿಕೆಯದು. ಆಮೇಲೆ ಒಣ ಮರದ ಹೊಟ್ಟು ಬರಬೇಕು. ಬಂದದ್ದು ಕಂದು ಬಣ್ಣದ ಒದ್ದೆ ಮುದ್ದೆ, ಸೋಸಿ ಬಿಟ್ಟ ಚಹಾಪುಡಿಯಂಥದ್ದು. ಮೂಸಿದ. ಕೊಳೆತ ವಾಸನೆ. ಇನ್ನೊಂದು ಕಡೆ ಕೊರೆದ, ಅಲ್ಲೂ ಅದೇ.

ದೋಣಿಯನ್ನು ಅವರು ಯಾಕೆ ಬಿಟ್ಟರೆಂದು ಅವನಿಗೆ ಈಗ ತಿಳಿಯಿತು.

ಹಲಗೆ ಕೊಯ್ದು ಹೊಸದು ಕೂರಿಸಲು ಕಡಿಮೆಯೆಂದರೆ ಎರಡು ತಿಂಗಳು. ಹೊಳೆ ಬರಲು ಅಷ್ಟು ದಿನವಿರಲಿಲ್ಲ. ಈ ಮಳೆಗಾಲ ದಾಟಿದರೆ ಸಾಕು ಅಂದುಕೊಂಡ. ನಾಲ್ಕೈದು ಸಲ ಓಡಿಸುವುದು ತಾನೇ ಅಂದುಕೊಂಡ. ಆಮೇಲೆ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ ನುಣುಪು ಮಾಡಿ, ಮೇಲೆ ನೀಲಿ ಬಣ್ಣ ಹೊಡೆದ. ಅದೇ ಹಲಗೆಯಲ್ಲಿ ಬೇರೆ ಕಡೆ ತೂತು ಕೊರೆದು ಎಂಜಿನ್ನನ್ನು ಬಿಗಿದ.

ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ಕೊಟ್ಟ ಮಾತು ಉಳಿಸಿಕೊಳ್ಳುವ ಆತುರದಲ್ಲಿ ಮಾತು ಯಾರಿಗೆ ಕೊಟ್ಟದ್ದೆಂಬುದನ್ನು ಮರೆತ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಅವನಿಗೂ ಗೊತ್ತಿತ್ತು. ಗಾದೆಗಳು ಬೇರೆಯವರ ವಿಷಯದಲ್ಲಿ ಬೇಗ ನೆನಪಾಗುತ್ತವೆ.

ಬಣ್ಣ ಒಣಗಿದ ದಿನ ಅಜ್ಜ ನೋಡಲು ಬಂದರು. ಗಡಿಗೆ ಕೊಳ್ಳುವವರ ಹಾಗೆ ಬೆರಳಗಂಟಿನಿಂದ ದೋಣಿಯ ಮೂತಿ ಬಾರಿಸಿ ಕಿವಿಗೊಟ್ಟರು. ಪಕ್ಕೆ ಬಾರಿಸಿದರು. ಹಿಂಬದಿಗೆ ಬಂದು ನಿಂತರು. ಅಜ್ಜ ಕೈ ಕೆಳಗಿಳಿಸಿದರು.

ಸುಮ್ಮನಿದ್ದರೆ ಆಗುತ್ತಿತ್ತು, ಶರಭಣ್ಣನೇ ಕೇಳಿದ.

"ಹಿಂದ ಬಾರಿಸಲಿಲ್ಲಲ್ರೀ?"

"ಅದನ್ನ ಬಾರಿಸೋದು ನಿಂದು ಕೆಲಸ."

ಅಷ್ಟೇ ಹೇಳಿ ಹೋದರು. ಶರಭಣ್ಣ ಬಾರಿಸಲಿಲ್ಲ. ಹಲಗೆ ಕೊರೆದಂದಿನಿಂದ ದೋಣಿ ನೀರಿಗಿಳಿಯುವವರೆಗಿನ ಹದಿನೆಂಟು ದಿನ ಅವನು ಚೆನ್ನಾಗಿ ಉಣ್ಣಲಿಲ್ಲ ಎಂದು ಆಮೇಲೆ ನಡುಗಡ್ಡೆಯವರು ಹೇಳುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದರು. ಹೊಳೆ ಆಗಷ್ಟೇ ಕೆಂಪಾಗತೊಡಗಿತ್ತು. ಹೆಂಗಸರು ಮೂತಿಗೆ ಅರಿಸಿನ ಹಚ್ಚಿ ಹೊಳೆಯ ತಾಯಿ ಗಂಗವ್ವನಿಗೆ ಕೈಮುಗಿದರು. ಬಸಲಿಂಗಿ ದಂಡೆಯ ಕಲ್ಲಿನ ಮೇಲೆ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಎಲ್ಲರ ಮುಖದಲ್ಲೂ ಸಂತೋಷ.

ಶರಭಣ್ಣ ಮೊದಲು ಹತ್ತಿದ. ಮೊದಲ ಸಲ ತಾನೊಬ್ಬನೇ ಹೋಗಿಬರುತ್ತೇನೆ, ಎಂಜಿನ್ನಿನ ಹದ ನೋಡಬೇಕು ಎಂದು ದಂಡೆಗೆ ಕೂಗಿ ಹೇಳಿದ.

ಅಜ್ಜ ಅದನ್ನು ಕೇಳಿಸಿಕೊಂಡವರಂತೆ ಕಾಣಲಿಲ್ಲ. ಕೋಲನ್ನು ಹುಲಿಗೆವ್ವನ ಕೈಗೆ ಕೊಟ್ಟರು. ಇಬ್ಬರು ಹಿಡಿದು ಹತ್ತಿಸಿದರು. ನಡುವಿನ ಮಲಗುವ ಹಲಗೆಯ ಮೇಲೆ ಕೂತು, ಬಿದ್ದುಹೋದ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಹೊಡಿ."

ಶರಭಣ್ಣ ಎಂಜಿನ್ನಿನ ಹಗ್ಗ ಹಿಡಿದ. ಎಳೆಯಲಿಲ್ಲ.

ಅಜ್ಜನಿಗೆ ಒಂದು ಕೈ ಆಡದು, ಈಜಲಾಗದು. ನಡುಹೊಳೆಯಲ್ಲಿ ಹಲಗೆ ಕಿತ್ತರೆ ಎಂಜಿನ್ನು ನೀರಿಗೆ ಬೀಳುತ್ತದೆ, ಹಿಂಬದಿಯಿಂದ ಹೊಳೆ ಒಳಗೆ ನುಗ್ಗುತ್ತದೆ. ಇದೆಲ್ಲ ಅವನಿಗೆ ಹದಿನೆಂಟು ದಿನದಿಂದ ಗೊತ್ತಿತ್ತು. ಆದರೆ ಮಲಗುವ ಹಲಗೆಯ ಮೇಲೆ ಒಬ್ಬರು ಕೂತದ್ದನ್ನು ಕಂಡದ್ದು ಇವತ್ತು.

"ಅಜ್ಜಾರ, ಇಳೀರಿ."

"ಯಾಕ?"

"ನಾ ಒಬ್ಬನ ಹೋಗಿ ಬರ್ತೀನಿ."

"ಒಬ್ಬನ ಹೋಗಾಕ ದೋಣಿ ಮಾಡಿದೇನು?"

ಶರಭಣ್ಣ ಬಗ್ಗಿ, ಅಜ್ಜನಿಗಷ್ಟೇ ಕೇಳುವಂತೆ ಹೇಳಿದ.

"ಹಿಂದಿನ ಹಲಗಿ ಕೊಳತೈತ್ರಿ."

ಅಜ್ಜ ದಂಡೆಯ ಕಡೆ ನೋಡಿದರು.

"ನನ್ನ ಕಿವಿ ಹತ್ರ ಐತಿ. ಅವರ ಕಿವಿ ದೂರ ಅದಾವ."

ಶರಭಣ್ಣ ಎದ್ದು ನಿಂತ. ಅವನಿಗೆ ಆ ಹೊತ್ತು ಹೊಳೆಗೆ ಬಿದ್ದು ಸಾಯುವುದು ಸುಲಭವೆನಿಸಿತು. ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಹೇಳಿದ. ಹಲಗೆ ಕೊಳೆತಿದೆ, ತನಗೆ ಗೊತ್ತಿತ್ತು, ತಾನೇ ಪುಟ್ಟಿ ತುಂಬಿ ಬಣ್ಣ ಹೊಡೆದದ್ದು, ಈ ದೋಣಿ ಈ ವರ್ಷ ಯಾರನ್ನೂ ದಾಟಿಸುವುದಿಲ್ಲ.

ಹುಲಿಗೆವ್ವ ನೀರಿನಲ್ಲಿ ಮೊಣಕಾಲುದ್ದ ಇಳಿದು ದೋಣಿಯ ಹತ್ತಿರ ಬಂದಳು.

"ಯಾವಾಗ ಗೊತ್ತಾತು?"

"ಹದಿನೆಂಟು ದಿನ ಆತು ಯವ್ವಾ."

"ಹದಿನೆಂಟು ದಿನ ನನ್ನ ಮಗಳು ನಿನ್ನ ಬಣ್ಣ ನೋಡಿ ಇಲ್ಲಿ ಕುಂತಾಳ. ದೋಣಿ ಇಲ್ಲ ಅಂದಿದ್ರ ಅವತ್ತ ಕಳಸ್ತಿದ್ದೆ."

ಅವಳು ತಿರುಗಿ ಹೊಳೆ ನೋಡಿದಳು. ನೀರು ಇನ್ನೂ ದಂಡೆಯ ಕಲ್ಲು ಮುಟ್ಟಿರಲಿಲ್ಲ. ಮೇಲ್ಗಡೆಯ ಮಳೆನೀರು ಬರಲು ಇನ್ನೂ ದಿನವಿತ್ತು.

ಬಸಲಿಂಗಿಯ ಬಟ್ಟೆಗಂಟು ಕಟ್ಟಿರೆಂದು ಅವಳು ಮನೆಯವರಿಗೆ ಹೇಳಿದಳು. ತೆಪ್ಪ ತೆಗೆಯಿರಿ ಎಂದಳು. ಹುಟ್ಟು ಯಾರು ಹಾಕಬೇಕೆಂದು ಯಾರೋ ಕೇಳಿದರು. ಮೂವರು ಗಂಡಸರು ಮುಂದೆ ಬಂದರು.

ಹುಲಿಗೆವ್ವ ಹುಟ್ಟನ್ನು ಎತ್ತಿ ಶರಭಣ್ಣನ ಎದುರು ಹಿಡಿದಳು.

"ನೀನ ಹಾಕು."

ಅವನ ಕೈ ಮೇಲೇಳಲಿಲ್ಲ.

"ಯಾಕವ್ವಾ, ನಾನ್ಯಾಕ?"

"ಇಷ್ಟು ಮಂದಿ ಮುಂದ ಒದರಿ ಹೇಳಿದಿ. ಹಿಡಿ."

ಆ ದಿನ ಶರಭಣ್ಣ ಹುಟ್ಟು ಹಾಕಿದ. ಬಸಲಿಂಗಿ ನಡುವೆ, ಅವ್ವ ಅವಳ ಬೆನ್ನಿಗೆ. ಹೋದ ವರ್ಷ ತೆಪ್ಪ ತಿರುಗಿದ ಜಾಗಕ್ಕೆ ಬಂದಾಗ ಹುಲಿಗೆವ್ವ ಕೈಯನ್ನು ನೀರಿಗಿಳಿಸಿ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಶರಭಣ್ಣ ಅಳುತ್ತಲೇ ಹುಟ್ಟು ಹಾಕುತ್ತಿದ್ದ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ. ಮೂವರೂ ಆಚೆ ದಂಡೆ ಮುಟ್ಟಿದರು.

ಮರುದಿನ ಅವನು ಗರಗಸ ಹಿಡಿದು ದೋಣಿಯ ಹತ್ತಿರ ಬಂದ. ದೋಣಿಯನ್ನು ಬೇವಿನ ಮರದವರೆಗೆ ಎಳೆದು ತಂದಿದ್ದರು. ಅಜ್ಜ ಆಗಲೇ ಕೂತಿದ್ದರು.

ಶರಭಣ್ಣ ಹೊಸ ಬಣ್ಣದ ಮೇಲೆಯೇ ಗರಗಸ ಇಟ್ಟ. ಹೊದಿಕೆ ಕೊಯ್ದು ತೆಗೆದ. ಒಳಗಿನ ಮರ ಕೈಗೆ ಬಂತು. ಬೊಗಸೆ ಬೊಗಸೆಯಾಗಿ ತೆಗೆದು ಹೊರಗೆ ಹಾಕಿದ.

"ಎಲ್ಲೀತನ ಕೊಯ್ಯಬೇಕ್ರೀ ಅಜ್ಜಾರ?"

"ಒಣ ಕಟ್ಟಿಗಿ ಸಿಗೂತನ."

"ಸಿಗದಿದ್ರ?"

"ಕೊಯ್ಯತಿರು."

ಒಣ ಕಟ್ಟಿಗೆ ಸಿಕ್ಕಿತು. ಅಷ್ಟರಲ್ಲಿ ಹಿಂಬದಿಯೆಂಬುದೇ ಉಳಿದಿರಲಿಲ್ಲ. ಎರಡೂ ಪಕ್ಕೆಗಳು ಬಾಯಿ ತೆರೆದು ನಿಂತಿದ್ದವು. ಎಂಟು ತಿಂಗಳ ಕೆಲಸ ಒಂದು ಕಡೆ, ಆ ಒಂದು ದಿನದ ಕೆಲಸ ಒಂದು ಕಡೆ ಎಂದು ಅವನಿಗೆ ಅನ್ನಿಸಿತಂತೆ.

ನಾಗರ ಪಂಚಮಿಗೆ ಹೊಳೆ ತುಂಬಿ ಬಂತು. ಮೇಲಿನ ಜಲಾಶಯದಿಂದ ನೀರು ಬಿಟ್ಟರು. ಹನ್ನೆರಡು ದಿನ ನಡುಗಡ್ಡೆಯಿಂದ ಯಾರೂ ಹೊರಗೆ ಕಾಲಿಡಲಿಲ್ಲ. ಆಶ್ರಮದ ಮೆಟ್ಟಿಲ ತನಕ ನೀರು ಬಂದು ನಿಂತಿತು. ದೋಣಿಯನ್ನು ಬೇವಿನ ಮರಕ್ಕೆ ಕಟ್ಟಿದರು.

ಒಂಬತ್ತನೆಯ ದಿನ ಮಳೆ ಸ್ವಲ್ಪ ತೆರಪು ಕೊಟ್ಟಿತು. ಆಚೆ ದಂಡೆಯ ಎತ್ತರದಲ್ಲಿ ಯಾರೋ ಉದ್ದನೆಯ ಕೋಲಿಗೆ ಹಸಿರು ಸೀರೆ ಕಟ್ಟಿ ಬೀಸುತ್ತಿದ್ದರು. ಹೆರಿಗೆಯಾಗಿದೆ, ತಾಯಿ ಮಗು ಇಬ್ಬರೂ ಉಳಿದಿದ್ದಾರೆ ಎಂದು ಅದರರ್ಥ. ಉಳಿಯದಿದ್ದರೆ ಏನನ್ನೂ ಬೀಸುವುದಿಲ್ಲ.

ಶರಭಣ್ಣ ಮೊಣಕಾಲುದ್ದ ನೀರಲ್ಲಿ ನಿಂತು ಆ ಹಸಿರನ್ನು ನೋಡಿದ. ಆಮೇಲೆ ಹೋಗಿ ಹಲಗೆಗೆ ಅಳತೆ ತೆಗೆಯತೊಡಗಿದ.

ಕೆಲಸ ನಿಧಾನವಾಗಿ ನಡೆಯಿತು. ಗಟ್ಟಿ ಸಾಗವಾನಿಯ ಹಲಗೆ ತರಿಸಿ, ಬಿಸಿಲು ಬಿದ್ದಾಗಲೆಲ್ಲ ಒಣಗಿಸಿ, ನಾಲ್ಕೂ ಅಂಚಿಗೆ ರಾಳ ಕುಡಿಸಿ, ನೀರು ಹೋಗಲು ಎಲ್ಲೂ ಸಂದಿಲ್ಲದಂತೆ ಕೂರಿಸಿದ. ಬೋಲ್ಟಿನ ಒಂದೊಂದು ತೂತಿನ ಒಳಮೈಗೂ ರಾಳ ಹಚ್ಚಿದ. ಯಾರೋ ಬಣ್ಣ ಯಾವಾಗ ಎಂದು ಕೇಳಿದರು. ಹಿಂಬದಿಗೆ ಬಣ್ಣ ಹೊಡೆಯುವುದಿಲ್ಲ, ಹಾಗೇ ಕಾಣುತ್ತಿರಲಿ ಎಂದ.

ಮಹಾನವಮಿ ಕಳೆದ ಮೇಲೆ ಹೊಳೆ ತಿಳಿಯಾಯಿತು. ಬಸಲಿಂಗಿಯನ್ನೂ ಕೂಸನ್ನೂ ಕರೆತರುವ ದಿನ ಗೊತ್ತಾಯಿತು. ದೋಣಿ ಮತ್ತೆ ನೀರಿಗಿಳಿಯಿತು. ಹುಲಿಗೆವ್ವ ಮಗಳ ಜೊತೆ ಆಚೆಯೇ ಇದ್ದಳು. ಈ ಸಲ ಅರಿಸಿನ ಹಚ್ಚುವ ಗದ್ದಲವಿರಲಿಲ್ಲ.

ಶರಭಣ್ಣ ಹಿಂಬದಿಗೆ ಬಗ್ಗಿ, ಬೆರಳಗಂಟಿನಿಂದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬಾರಿಸಿದ. ಕಿವಿಗೊಟ್ಟ. ಇನ್ನೊಮ್ಮೆ ಬಾರಿಸಿದ. ಆಮೇಲೆ ಅಜ್ಜನ ಹತ್ತಿರ ಹೋಗಿ, ಕಾಲು ಮುಟ್ಟಿ, ದೋಣಿ ಹತ್ತಿರಿ ಎಂದು ಕೇಳಿಕೊಂಡ. ತಾನೇ ಅವರನ್ನು ತೋಳಲ್ಲಿ ಎತ್ತಿ ಕೂರಿಸಿದ.

ಹಗ್ಗ ಎಳೆದ. ಮೊದಲ ಎಳೆತಕ್ಕೇ ಎಂಜಿನ್ನು ಚಾಲೂ ಆಯಿತು.

ದೋಣಿ ಮೂತಿ ಎತ್ತಿಕೊಂಡು ಹೊರಟಿತು. ನಡುಹೊಳೆಗೆ ಬಂದಾಗ ಅವನು ವೇಗ ತಗ್ಗಿಸಿ, ಎಂಜಿನ್ನು ಆರಿಸಿದ. ಸದ್ದು ನಿಂತಿತು. ದೋಣಿ ನೀರಿನ ಮೇಲೆ ತನ್ನಷ್ಟಕ್ಕೆ ತೇಲತೊಡಗಿತು. ಆಚೆ ದಂಡೆಯಲ್ಲಿ ಹುಲಿಗೆವ್ವನೂ, ಮಡಿಲಲ್ಲಿ ಕೂಸು ಹಿಡಿದ ಬಸಲಿಂಗಿಯೂ ಕಾಣುತ್ತಿದ್ದರು.

ಅಜ್ಜ ಅವತ್ತು ಕೂತ ಜಾಗದಲ್ಲೇ ಕೂತಿದ್ದರು, ಎಡಗೈ ತೊಡೆಯ ಮೇಲೆ.

"ಅಜ್ಜಾರ, ಒಂದು ಕೇಳ್ತೀನಿ."

"ಕೇಳು."

"ಅವತ್ತು ಹಲಗಿ ಕೊಳತಿದ್ದು ನಿಮಗ ಗೊತ್ತಿತ್ತಲ್ರೀ?"

"ಹೂಂ."

ಶರಭಣ್ಣ ನೀರು ನೋಡಿದ. ಈ ಪ್ರಶ್ನೆಯನ್ನು ನಾಲ್ಕು ತಿಂಗಳಿಂದ ಗಂಟಲಲ್ಲಿಟ್ಟುಕೊಂಡಿದ್ದ.

"ನಾ ಬಾಯಿ ಬಿಡದ ಹಗ್ಗ ಎಳದಿದ್ರ ಏನ್ ಮಾಡ್ತಿದ್ರಿ?"

ಅಜ್ಜ ಅವನ ಮುಖ ನೋಡಿದರು.

"ನೀ ದಾಟಿಸ್ತೀನಿ ಅಂದಿದ್ದೆಲ್ಲಪಾ. ಕುಂತಿರ್ತಿದ್ದೆ."